ಗಗನಕೇಸರಿ ಹೊರಡುವ ಹೊತ್ತು

ಯಂತ್ರ ಸಣ್ಣಗೆ ಗುಂಯ್‌ಗುಟ್ಟಿತು. ಪ್ರಭಯ್ಯ ಮಾಸ್ತರರ ಪಡಸಾಲೆಯಲ್ಲಿ ಬೆಳಕು ಒಂದೆಡೆ ಕೂಡಿಕೊಂಡು, ಕೇಸರಿ ಮುಸುಕಿನವನೊಬ್ಬ ಎದ್ದು ನಿಂತ. ಅವರು ಬಾಲ್ಯದಿಂದ ಆರಾಧಿಸಿದ ಕಾಮಿಕ್ಸ್ ವೀರ ಗಗನಕೇಸರಿ.

“ಯಾರು ಅಪಾಯದಲ್ಲಿದ್ದಾರೆ?” ಎಂದ. ಎಲ್ಲ ಸಂಚಿಕೆಗಳಲ್ಲೂ ಅವನ ಮೊದಲ ಮಾತು ಅದೇ.

“ಯಾರೂ ಇಲ್ಲಪಾ. ನಾ ಒಬ್ಬವನ ಅದೀನಿ, ಅಷ್ಟ.”

ಗಗನಕೇಸರಿ ಅವರ ಮುಖ ನೋಡಿದ. ಪಕ್ಕದಲ್ಲಿ ಕುಳಿತ.

ಯಂತ್ರದ ಹೆಸರು ಪಾತ್ರೋದಯ. ಹಳೆಯ ಕಾಮಿಕ್ಸ್ ಪುಸ್ತಕಗಳನ್ನು ಕೊಟ್ಟರೆ ಒಂದೊಂದು ಚೌಕವನ್ನೂ ಓದಿ, ವೀರನ ಸ್ವಭಾವದ ‘ನಡತೆ ನಕ್ಷೆ’ ತಯಾರಿಸುತ್ತದೆ. ಆ ನಕ್ಷೆಯಂತೆ ಬೆಳಕಿನ ಪ್ರತಿರೂಪ ಮಾತಾಡುತ್ತದೆ, ಎದುರಿನವರ ಮುಖಭಾವವನ್ನೂ ಗ್ರಹಿಸುತ್ತದೆ. ಧಾರವಾಡದ ವಿಜ್ಞಾನಿ ಶಾಹೀನ್ ಮುಲ್ಲಾ ಇದನ್ನು ರೂಪಿಸಿದ್ದು ಒಂಟಿ ಜೀವಗಳಿಗಾಗಿ. ನಿವೃತ್ತ ಚಿತ್ರಕಲಾ ಶಿಕ್ಷಕ, ವಿಧುರ ಪ್ರಭಯ್ಯನವರಿಗೆ ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬಂತಾಯಿತು. ಬೆಟಗೇರಿಯ ಚಹಾದಂಗಡಿಯಲ್ಲಿ ಭಾನುವಾರ ಅವರೊಡನೆ ಸೇರುತ್ತಿದ್ದ ಮೂವರು ಅಭಿಮಾನಿಗಳೂ ಒಂದೊಂದು ಯಂತ್ರ ತಂದುಕೊಂಡರು. ವೀರನ ಮುಸುಕು ಕೇಸರಿಯೋ ಕಿತ್ತಳೆಯೋ ಎಂದು ಆಸ್ತಿ ಪಾಲಿಗೆ ನಿಂತ ದಾಯಾದಿಗಳಂತೆ ಜಗಳವಾಡುತ್ತಿದ್ದ ಮುದುಕರು ಅವರು.

ಒಂದು ಸಂಜೆ ಗಗನಕೇಸರಿ ಖಳನಾಯಕನ ಪೇಚಾಟ ಹೇಳುತ್ತಿದ್ದಾಗ ಮಾಸ್ತರರು ಗಹಗಹಿಸಿ ನಕ್ಕರು. ಹೆಂಡತಿ ತೀರಿದ ಮೇಲೆ ಅವರು ಹಾಗೆ ನಕ್ಕಿರಲಿಲ್ಲ.

“ಅಪಾಯ ಕಳೆಯಿತು. ನನಗೆ ಅಪ್ಪಣೆ ಕೊಡಿ,” ಎಂದು ಎದ್ದವನು ಮಾಯವಾದ. ಮಾಸ್ತರರು ಎಷ್ಟು ಗುಂಡಿ ಒತ್ತಿದರೂ ಬರಲಿಲ್ಲ.

ಶಾಹೀನ್ ಬಂದು ಯಂತ್ರ ಪರೀಕ್ಷಿಸಿದರು. “ಕೆಟ್ಟಿಲ್ರಿ ಮಾಸ್ತರ್ರ. ಕಥಿ ಮುಗಿಯೂ ಹೊತ್ತಿಗೆ ಅಂವ ಏನ್ ಮಾಡ್ತಾನ ಹೇಳ್ರಿ.”

ಮಾಸ್ತರರಿಗೆ ಗೊತ್ತಿತ್ತು. ಅಪಾಯ ಮುಗಿದೊಡನೆ ಅವನು ಹೊರಟುಬಿಡುತ್ತಿದ್ದ. ಊರವರು ಹಾರ ಹಿಡಿದು ಬರುವಷ್ಟರಲ್ಲಿ ಆಕಾಶದಲ್ಲಿ ಚುಕ್ಕಿಯಾಗಿರುತ್ತಿದ್ದ. ಆ ಗುಣಕ್ಕೇ ಅವರು ಮರುಳಾಗಿದ್ದದ್ದು.

“ನಿಮ್ಮ ಒಂಟಿತನಾನ ಅಪಾಯ ಅಂತ ತಿಳದಾನ. ನೀವು ನಕ್ಕರ ಅವನ ಕೆಲಸ ಮುಗೀತು. ಮತ್ತ ಬ್ಯಾಸರಾದ್ರ ಬರ್ತಾನ. ಕೊನೀ ಪುಟ ಎಲ್ಲಾ ಬಿಟ್ಟು ಹೊಸ ನಕ್ಷೆ ಮಾಡ್ಲೇನ್ರಿ? ಆವಾಗ ಹೋಗೂದಿಲ್ಲ.”

ಮಾಸ್ತರರು ತಲೆ ಅಲ್ಲಾಡಿಸಿದರು. “ಬ್ಯಾಡ ಬಿಡವಾ. ಹಾರಕ್ಕ ಕಾಯ್ಕೊಂಡ ನಿಲ್ಲಾಂವ ಗಗನಕೇಸರಿ ಅಲ್ಲ. ಬ್ಯಾರೆ ಯಾವನೋ ಆಗ್ತಾನ.”

ಅಂದಿನಿಂದ ಅವರು ನಗುವುದನ್ನು ಬಿಟ್ಟರು. ಗಗನಕೇಸರಿ ಮರಳಿ ಬಂದ. ನಾಲಗೆಗೆ ರುಚಿ ಹತ್ತಿದರೆ ಮನಸ್ಸು ಹಿಗ್ಗೀತೆಂದು ಮಾಸ್ತರರು ಚಪ್ಪೆ ಅನ್ನ ಉಂಡರು. ಗೆಳೆಯರನ್ನು ಕಂಡರೆ ಜಗಳವಾಗುತ್ತದೆ, ಜಗಳವಾದರೆ ಜೀವ ಚಿಗುರುತ್ತದೆ ಎಂದು ಭಾನುವಾರದ ಚಹಾವನ್ನೂ ತಪ್ಪಿಸಿದರು.

ಶಾಹೀನ್ ಮುಂದೊಂದು ಭಾನುವಾರ ಚಹಾದಂಗಡಿಗೆ ಹೋದಾಗ ಆ ಮೇಜು ಖಾಲಿಯಿತ್ತು. “ನಾಕೂ ಮಂದಿ ಬರೂದು ಬಿಟ್ಟಾರ್ರಿ,” ಎಂದ ಅಂಗಡಿಯವನು. ಶಾಹೀನ್ ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಔಷಧ ಕೈತಪ್ಪೀತೆಂದು ನಾಲ್ವರೂ ರೋಗವನ್ನೇ ಸಾಕಿಕೊಂಡಿದ್ದರು. ಇದು ಶಾಹೀನರ ಯಾವ ಲೆಕ್ಕಾಚಾರದಲ್ಲೂ ಇರಲಿಲ್ಲ.

ಅಲ್ಲಿಂದ ಅವರು ನೇರ ಆ ಗೆಳೆಯರಲ್ಲೊಬ್ಬನಾದ ದತ್ತೂಸಾ ಕಾಟವೆಯ ಮನೆಗೆ ಹೋಗಿ ಎಲ್ಲವನ್ನೂ ಬಿಡಿಸಿ ಹೇಳಿದರು. ದತ್ತೂಸಾ ತನ್ನ ಯಂತ್ರ ನಿಲ್ಲಿಸಿ, ಅದಕ್ಕೆ ಬಟ್ಟೆ ಹೊದಿಸಿ ಪ್ರಭಯ್ಯನವರ ಮನೆಗೆ ಬಂದ.

“ಪ್ರಭಯ್ಯಾ, ಬಾಗ್ಲಾ ತಗಿಯೋ. ಆ ಮುಸುಕು ಕಿತ್ತಳೀನ ಐತಿ. ಬಾ, ಜಗಳಾಡೂಣು.”

ಮಾಸ್ತರರ ತುಟಿಯಲ್ಲಿ ನಗು ಇಣುಕಿತು. ಅರ್ಧ ಎದ್ದರು.

ಗಗನಕೇಸರಿಯೂ ಎದ್ದ. “ನಿಮ್ಮವರು ಬಂದಂತಿದೆ. ನಾನಿನ್ನು ಹೊರಡಬಹುದೇ?”

ಮಾಸ್ತರರು ಹಲ್ಲು ಕಚ್ಚಿ ಮುಖ ಬಿಗಿದುಕೊಂಡರು. ಹೊರಗೆ ದತ್ತೂಸಾ ಇನ್ನೆರಡು ಸಲ ಕರೆದು, ಸ್ವಲ್ಪ ನಿಂತು, ಮೆಟ್ಟಿಲಿಳಿದು ಹೋದ.

“ಯಾರೂ ಇಲ್ಲ,” ಎಂದರು ಮಾಸ್ತರರು. “ಯಾರೂ ಬಂದಿಲ್ಲ. ನೀ ಕೂಡು.”

“ಹಾಗಾದರೆ ಅಪಾಯ ದೊಡ್ಡದೇ ಇದೆ,” ಎಂದು ಗಗನಕೇಸರಿ ಮತ್ತೆ ಕುಳಿತ.