ಸೇತುವೆಯ ಪುಟದಿಂದ ಮಾಯವಾದ ಹೆಸರು

ಸ್ತೊಯ್ನಾ ಗೆರೋವಾ ಮತ್ತೆ ಮಾಯವಾಗಿದ್ದಳು.

ನೆವೆನಾ ಕಾಫಿ ಕೆಳಗಿಟ್ಟು ಪರದೆಯನ್ನೇ ದಿಟ್ಟಿಸಿದಳು. ದಬ್ರೋವಿಟ್ಸಾ ಊರಿನ ಕಲ್ಲಿನ ಸೇತುವೆಯ ಬಗ್ಗೆ ಅಂತರ್ಜಾಲದ ವಿಶ್ವಕೋಶದಲ್ಲಿ ಅವಳೇ ಬರೆದ ಪುಟ ಅದು. ಅಲ್ಲಿ ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ಅಳಿಸಬಹುದು. ನಕ್ಷೆ ಬರೆದ ಎಂಜಿನಿಯರ್ ಸ್ತೊಯ್ನಾಳ ಹೆಸರನ್ನು ಕಿತ್ತುಹಾಕಿ, ಗುತ್ತಿಗೆದಾರ ಮಿಂಚೆವ್‌ನನ್ನು ಕೂರಿಸಿದ್ದರು. ಅವಳು ಹಾಕಿದ್ದ ಹಳೇ ಪತ್ರಿಕೆಯ ಫೋಟೋ ಕೂಡ ಬದಲಾಗಿತ್ತು; ಹೊಸದರಲ್ಲಿ ಸ್ತೊಯ್ನಾ ಇರಲಿಲ್ಲ. ಎಲ್ಲವೂ ‘ಹಳೇಕಲ್ಲು’ ಎಂಬ ಗುಪ್ತನಾಮದವರ ಕೆಲಸ.

ಶುಕ್ರವಾರ ನಗರಸಭೆ ಸೇತುವೆಗೆ ಹೆಸರಿಡಲಿತ್ತು. ಸದಸ್ಯರೆಲ್ಲ ಓದುವುದು ಇದೇ ಪುಟವನ್ನು.

ನೆವೆನಾ ಊರಿನ ರೇಡಿಯೊ ವರದಿಗಾರ್ತಿ. ಸುಮ್ಮನಿರುವ ಜಾಯಮಾನ ಅವಳದಲ್ಲ. ರಾಜಧಾನಿ ಸೋಫಿಯಾದಲ್ಲಿದ್ದ ವಿಶ್ವಕೋಶದ ನಿರ್ವಾಹಕ ಮೆಥೋದಿಗೆ ಫೋನ್ ಮಾಡಿದಳು.

“ಆಧಾರ ಇದೆಯಾ ಮೇಡಂ?”

“ಊರಿಗೆಲ್ಲ ಗೊತ್ತು ರೀ! ಸ್ತೊಯ್ನಾ ಅವರು ಶಾಲೇಲಿ ನಮ್ಮಮ್ಮನಿಗೆ ಲೆಕ್ಕ ಹೇಳಿಕೊಟ್ಟೋರು.”

“ಊರಿಗೆ ಗೊತ್ತಿದ್ರೆ ಸಾಲದು. ಆ ‘ಹಳೇಕಲ್ಲು’, ವಿನ್ಯಾಸ ಮಿಂಚೆವ್‌ದೇ ಅಂತ ಮ್ಯೂಸಿಯಂ ಮುಖ್ಯಸ್ಥ ಲಿಪೋವ್ ಬರೆದ ಪುಸ್ತಕ ತೋರಿಸ್ತಾರೆ. ನೀವು ಹಳೇ ಪೇಪರಿನ ಮಸುಕು ಫೋಟೋ ತೋರಿಸ್ತೀರ. ಇನ್ನೊಂದ್ಸಲ ತಿದ್ದಿದ್ರೆ ನಿಮ್ಮ ಖಾತೆನೇ ಮುಚ್ಚಬೇಕಾಗುತ್ತೆ.”

“ಕಳ್ಳನ್ನ ಬಿಟ್ಟು, ಕೂಗಿದೋರನ್ನ ಹಿಡೀತೀರಾ?”

“ಈ ಕೆಲಸಕ್ಕೆ ನನಗೆ ಸಂಬಳ ಇಲ್ಲ ಮೇಡಂ, ಬೈಗುಳ ಮಾತ್ರ. ಆಧಾರ ತನ್ನಿ, ನಾನೇ ನಿಂತು ಹಾಕ್ತೀನಿ.”

*

ಮೊದಲ ಗುಮಾನಿ ಗುತ್ತಿಗೆದಾರನ ಮೊಮ್ಮಗ ದೊಬ್ರಿ ಮಿಂಚೆವ್ ಮೇಲೆ. ಅವನು ಬೇಕರಿಯಲ್ಲಿ ಚೀಸ್ ತುಂಬಿ ಬೇಯಿಸಿದ ಬಿಸಿ ಬಾನಿತ್ಸಾ ಕತ್ತರಿಸುತ್ತಿದ್ದ.

“ನಾನಾ? ಫೋನಲ್ಲಿ ಹಿಟ್ಟಿಗೆ ಆರ್ಡರ್ ಹಾಕೋಕೇ ನನ್ನ ಹೆಂಡತಿ ಬೇಕು ಕಣಕ್ಕ!” ದೊಬ್ರಿ ನಕ್ಕ. “ನಮ್ಮ ತಾತ ಕಲ್ಲು ಕಟ್ಟಿಸಿದ. ನಕ್ಷೆ ಆಯಮ್ಮಂದು ಅಂತ ಸಾಯೋವರೆಗೂ ಹೇಳ್ತಿದ್ದ.”

ನೆವೆನಾ ಹೊಸ ಫೋಟೋ ತೋರಿಸಿದಳು. ದೊಬ್ರಿಯ ಮುಖ ಅರಳಿತು.

“ಅರೆ, ತಾತನ ಬಿಳಿ ಹೇಸರಗತ್ತೆ! ಇದರ ಕಥೆ ಕೇಳಿದ್ದೆ, ನೋಡಿರ್ಲಿಲ್ಲ.”

ನೆವೆನಾ ತಟ್ಟನೆ ಪೇಪರಿನ ಫೋಟೋವನ್ನು ಪಕ್ಕದಲ್ಲಿಟ್ಟಳು. ಅದೇ ಕೆಲಸಗಾರರು, ಅದೇ ಕಮಾನು. ಬಲಗಡೆ ನಕ್ಷೆ ಹಿಡಿದ ಸ್ತೊಯ್ನಾ. ಆದರೆ ಎಡಗಡೆ ಹೇಸರಗತ್ತೆ ಇರಲಿಲ್ಲ.

“ದೊಬ್ರಿ, ನಿನ್ನ ಬಾನಿತ್ಸಾಗಿಂತ ರುಚಿಯಾದದ್ದು ಸಿಕ್ತು ನೋಡು,” ಎಂದು ಅವಳು ಹೊರಗೆ ಓಡಿದಳು.

*

ಶುಕ್ರವಾರ ನಗರಸಭೆ ಕಿಕ್ಕಿರಿದಿತ್ತು. ಲಿಪೋವ್ ತಮ್ಮ ಪ್ರಶಸ್ತಿ ಪಡೆದ ಪುಸ್ತಕವನ್ನು ಎದೆಗವಚಿಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದರು.

“ಸರ್, ಆ ಫೋಟೋದ ಮೂಲ ಗಾಜಿನ ಫಲಕ, ಅಂದ್ರೆ ಆಗಿನ ಕಾಲದ ನೆಗೆಟಿವ್, ಎಲ್ಲಿದೆ?” ನೆವೆನಾ ಕೇಳಿದಳು.

“ಭೂಕಂಪದಲ್ಲಿ ಒಡೆದುಹೋಯ್ತು ಅಂದಿದ್ದೆನಲ್ಲಮ್ಮ. ನಾನಿಲ್ಲಿಗೆ ಬರೋಕೆ ಮುಂಚೇನೇ.”

“ಹಾಗಾದ್ರೆ ‘ಹಳೇಕಲ್ಲು’ಗೆ ಈ ಹೇಸರಗತ್ತೆ ಎಲ್ಲಿಂದ ಸಿಕ್ತು?” ಎರಡೂ ಫೋಟೋಗಳನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿದಳು. “ಪೇಪರಿನೋರು ಎಡಗಡೆ ಕತ್ತರಿಸಿದ್ರು. ‘ಹಳೇಕಲ್ಲು’ ಸ್ತೊಯ್ನಾ ಇರೋ ಬಲಗಡೆ ಕತ್ತರಿಸಿದ್ದಾರೆ. ಪೇಪರಿಂದ ತೆಗೆದಿದ್ರೆ ಹೇಸರಗತ್ತೆ ಬರೋ ಹಾಗೇ ಇಲ್ಲ. ಮೂಲ ಫಲಕ ಇದ್ದೋರಿಗೆ ಮಾತ್ರ ಇದು ಸಾಧ್ಯ. ಆ ಫಲಕ ಇದ್ದದ್ದು ಮ್ಯೂಸಿಯಂನಲ್ಲಿ. ಬೀರುವಿನ ಬೀಗದ ಕೈ ನಿಮ್ಮ ಹತ್ರ.”

ಲಿಪೋವ್ ಬೆವರು ಒರೆಸಿಕೊಂಡರು. “ಫೋಟೋ ಚೆನ್ನಾಗಿರಲಿ ಅಂತ...”

“ಚೆನ್ನಾಗೇ ಇದೆ ಸರ್. ಪೂರ್ತಿ ತೋರಿಸಿ. ನಿಮ್ಮ ಪುಸ್ತಕ ಸುಳ್ಳಾಗುತ್ತೆ ಅಂತ ತಾನೇ ಬಚ್ಚಿಟ್ಟಿದ್ದು?”

ಮೇಯರ್ ಮ್ಯೂಸಿಯಂಗೆ ಜನ ಕಳಿಸಿದರು. ಬೀರುವಿನಲ್ಲಿ ಸಿಕ್ಕ ಫಲಕಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಹಿಗ್ಗಿಸಿ ನೋಡಿದಾಗ ಸ್ತೊಯ್ನಾಳ ಕೈಯಲ್ಲಿದ್ದ ನಕ್ಷೆಯ ಮೂಲೆಯ ಅಕ್ಷರಗಳು ಸ್ಪಷ್ಟವಾಗಿ ಕಂಡವು: ವಿನ್ಯಾಸ, ಎಂಜಿನಿಯರ್ ಎಸ್. ಗೆರೋವಾ. ಲಿಪೋವ್ ತಮ್ಮ ಪುಸ್ತಕವನ್ನು ಕುರ್ಚಿಯ ಕೆಳಗೆ ಸರಿಸಿದರು.

ಮತಕ್ಕೆ ಹಾಕುವ ಮೊದಲೇ ಹಿಂದಿನ ಸಾಲಿನಿಂದ ದೊಬ್ರಿ ಎದ್ದು ನಿಂತ.

“ನಾನು ಸದಸ್ಯ ಅಲ್ಲ, ಆದ್ರೂ ಕೇಳಿ. ನಮ್ಮ ತಾತನ ಹೆಸರು ಬೇಡ. ಆಯಮ್ಮನ ಸೇತುವೆ ಕಟ್ಟಿದೋನು ಅನ್ನಿಸಿಕೊಳ್ಳೋದೇ ನಮ್ಮ ಮನೆತನಕ್ಕೆ ದೊಡ್ಡಸ್ತಿಕೆ.”

ಸ್ತೊಯ್ನಾಳ ಹೆಸರಿಗೆ ಸದಸ್ಯರ ಎಲ್ಲ ಕೈಗಳೂ ಮೇಲೆದ್ದವು.

ಮರುದಿನದ ಪತ್ರಿಕೆಗಳಲ್ಲಿ ಇಡೀ ಫೋಟೋ ಅಚ್ಚಾಯಿತು. ಮಧ್ಯಾಹ್ನ ಮೆಥೋದಿಯ ಫೋನ್ ಬಂತು.

“ಮೇಡಂ, ಈಗ ಆಧಾರ ಸಿಕ್ತು. ಹೆಸರು ನಾನೇ ಹಾಕಿದ್ದೀನಿ. ಇನ್ನು ಯಾರಾದ್ರೂ ಅಳಿಸೋಕೆ ಬಂದ್ರೆ, ಮೊದಲು ನನ್ನ ದಾಟಬೇಕು.”

ನೆವೆನಾ ಪುಟ ತೆರೆದು, ಅಮ್ಮನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. ಅಮ್ಮ ಕನ್ನಡಕ ಏರಿಸಿ, ತಮ್ಮ ಲೆಕ್ಕದ ಟೀಚರ್ ಹೆಸರನ್ನು ಗಟ್ಟಿಯಾಗಿ ಓದಿದರು.