ಗುಂಡಿ ಎಡಕ್ಕೆ ಬಂದ ಕೈಗಡಿಯಾರ

"ಇದನ್ನ ತಲೆಕೆಳಗಾಗಿ ಜೋಡಿಸಿದವರು ಯಾರು?!"

ಗಡಿಯಾರ ಕಾರ್ಖಾನೆಯ ವಿನ್ಯಾಸದ ಕೋಣೆಯ ಬಾಗಿಲು ಗೋಡೆಗೆ ಬಡಿಯಿತು. ಒಳನುಗ್ಗಿದವಳ ಅಂಗೈಯಲ್ಲಿ ಹೊಸ ಕೈಗಡಿಯಾರದ ಮೊದಲ ಮಾದರಿಯಿತ್ತು. ಉಸಿರು ಬಿಗಿಹಿಡಿದು, ಕೂದಲೆಳೆಯಂಥ ಕುಂಚದಿಂದ ಅದರ ಡಯಲ್‌ಗೆ ಅಂಕಿ ಬರೆದವಳು ಅವಳೇ. ಆದರೆ ಬರೀ ಡಯಲ್ ನೋಡಿದರೆ ಕೀಲಿ ಕೊಡುವ ಗುಂಡಿ ಯಾವ ಕಡೆ ಬರುತ್ತದೆಂದು ತಿಳಿಯದು. ಇಂದು ಕವಚ ತೊಟ್ಟು ಬಂದಾಗ ನೋಡುತ್ತಾಳೆ... ಗುಂಡಿ ಎಡಗಡೆ!

ಹೊಸ ವಿನ್ಯಾಸಕಾರ ಎದ್ದು ನಿಂತ. ಅವನು ಬಂದು ವರ್ಷವಾಗಿದ್ದರೂ ಇಬ್ಬರೂ ಮುಖಾಮುಖಿ ಮಾತಾಡಿದ್ದು ಇದೇ ಮೊದಲು.

"ತಲೆಕೆಳಗಲ್ಲ. ಬೇಕಂತಲೇ ಹಾಗೆ ಮಾಡಿದ್ದು," ಎಂದ ಮೆಲ್ಲಗೆ.

"ಯಾರನ್ನ ಕೇಳಿ ಮಾಡಿದ್ರಿ? ನಮ್ಮಪ್ಪ ಬಲಕ್ಕೆ ಇಟ್ಟ ಗುಂಡಿ ಅದು! ಎಂತೆಂಥವರೋ ವರ್ಷಗಟ್ಟಲೆ ಕಾದು ಕೊಳ್ಳೋ ಗಡಿಯಾರ. ಅಪ್ಪ ಕಣ್ಣು ಮುಚ್ಚಿದ್ದೇ ತಡ, ನಿಮಗೆ ಹೆಸರು ಮಾಡೋ ಆತುರ!"

"ಹೆಸರಿಗಲ್ಲ..."

"ಮತ್ತೆ ಯಾತಕ್ಕೆ?"

ಅವನು ಕಿವಿಯ ತುದಿಯವರೆಗೂ ಕೆಂಪಾದ.

'ಕಂಬದ ಹಾಗೆ ನಿಂತಿದಾನೆ ನೋಡು! ತಪ್ಪು ಮಾಡಿದವರ ಮುಖ ಇನ್ನು ಹೇಗಿರುತ್ತೆ?'

"ನಾಳೆ ಕವಚದ ಅಚ್ಚು ಕೊರೆಯೋಕೆ ಮುಂಚೆ ಗುಂಡಿ ಬಲಕ್ಕೆ ಹೋಗ್ಬೇಕು. ಇಲ್ಲಾಂದ್ರೆ ಡಯಲ್‌ನ ನೀವೇ ಬರ್ಕೊಳ್ಳಿ. ನಾನು ಕುಂಚ ಕೆಳಗಿಟ್ಟೆ!"

ಗಲಾಟೆ ಕೇಳಿ, ಕವಚ ಕಡೆಯುವ ಅವಳ ಸೋದರಮಾವ ಕೈಯ ಲೋಹದ ಪುಡಿ ಒರೆಸಿಕೊಳ್ಳುತ್ತ ಬಂದ.

"ಏನೇ ಪುಟ್ಟಿ, ನಿಮ್ಮಜ್ಜನೇ ಎದ್ದು ಬಂದ್ರೇನೋ ಅಂದ್ಕೊಂಡೆ!"

"ಅಜ್ಜ ಯಾಕೆ ಬರ್ತಾರೆ ಮಾವ?"

"ಅಜ್ಜ ಮಾಡಿದ್ದು ಜೇಬಿನ ಗಡಿಯಾರ, ಗುಂಡಿ ನೆತ್ತಿ ಮೇಲೆ. ಅದನ್ನ ಕೈಗೆ ಕಟ್ಟೋ ಹಾಗೆ ಮಾಡಿ, ಗುಂಡೀನ ಬಲಕ್ಕೆ ಇಳಿಸಿದವನು ನಿಮ್ಮಪ್ಪ. 'ನನ್ನ ಗಡಿಯಾರದ ಕತ್ತು ತಿರುಚಿದೆಯಲ್ಲೋ' ಅಂತ ಅಜ್ಜ ಇದೇ ಬಾಗಿಲು ಒದ್ದಿದ್ರು. ಆಮೇಲೆ ಊಟಕ್ಕೆ ಕೂತಾಗ ಉಪ್ಪು ಬೇಕಾದ್ರೂ ಮಗನ್ನ ಕೇಳ್ತಿರ್ಲಿಲ್ಲ, ನನ್ನ ಕೈಲಿ ಕೇಳಿಸ್ತಿದ್ರು!"

ಇದು ಅವಳಿಗೆ ಗೊತ್ತಿರಲಿಲ್ಲ. ಆ ಗಡಿಯಾರ ಹುಟ್ಟಿದ್ದೇ ಹಾಗೆಂದು ನಂಬಿದ್ದಳು. ಕೋಪ ಎಡವಿತು, ಬೀಳಲಿಲ್ಲ.

"ಅಪ್ಪನಿಗೆ ಕಾರಣ ಇತ್ತು. ಇವರಿಗೇನಿದೆ? ಹೇಳ್ಲಿ!"

"ಹೇಳಪ್ಪ. ಇನ್ನೂ ನುಂಗ್ಕೊಂಡಿದ್ರೆ ಅಜೀರ್ಣ ಆದೀತು," ಎಂದು ಮಾವ ಹೊರನಡೆದ.

ಅವನ ದೃಷ್ಟಿ ನೆಲದಲ್ಲೇ ಇತ್ತು. "ನೀವು ಎಡಗೈಯವರು. ಗಡಿಯಾರ ಬಲಗೈಗೆ ಕಟ್ತೀರಿ. ಗುಂಡಿ ಮೊಣಕೈ ಕಡೆ ಹೋಗಿ ಕೂತಿರುತ್ತೆ... ದಿನಾ ಬಿಚ್ಚಿ ಕೀಲಿ ಕೊಟ್ಟು, ಪಟ್ಟಿ ಹಲ್ಲಲ್ಲಿ ಕಚ್ಚಿ ಮತ್ತೆ ಕಟ್ಕೊಳ್ಳೋದನ್ನ ಈ ಕಿಟಕಿಯಿಂದ ನೋಡ್ತಿದ್ದೆ. ಇಷ್ಟು ವರ್ಷ ಬೇರೆಯವರ ಕೈಗೇ ಡಯಲ್ ಬರೆದಿರಿ. ಒಂದು ಮಾದರಿಯಾದ್ರೂ ನಿಮ್ಮ ಕೈಗೆ ಅಂತ ಇರ್ಲಿ ಅನ್ನಿಸ್ತು..."

ಅವಳ ಕಣ್ಣು ತುಂಬಿತು. ಕೋಪವೂ ತುಂಬಿಯೇ ಇತ್ತು.

"ನನಗೋಸ್ಕರ ಅಪ್ಪನ ಗಡಿಯಾರ ತಿದ್ದಿದ್ರಿ. ನನ್ನನ್ನ ಮಾತ್ರ ಒಂದು ಮಾತು ಕೇಳ್ಲಿಲ್ಲ!"

"ಕೇಳಿದ್ರೆ ಬೇಡ ಅಂತಿದ್ರಿ."

"ಅಂತಿದ್ದೆ! ಅನ್ನೋ ಹಕ್ಕು ನನಗಿರ್ಲಿಲ್ವಾ?"

"...ಇತ್ತು. ತಪ್ಪಾಯ್ತು. ಇವತ್ತೇ ಬಲಕ್ಕೆ ಹಾಕ್ತೀನಿ, ಕೊಡಿ." ಅವನು ಕೈ ಚಾಚಿದ.

ಅವಳು ಕೊಡಲಿಲ್ಲ. ಮಣಿಕಟ್ಟಿನಲ್ಲಿದ್ದ ಅಪ್ಪನ ಗಡಿಯಾರ ಬಿಚ್ಚಿ, ದೇವರ ಮುಂದೆ ದೀಪವಿಡುವಷ್ಟು ಮೆತ್ತಗೆ ಮೇಜಿನ ಮೇಲಿಟ್ಟಳು. ಹೊಸದನ್ನು ಕಟ್ಟಿಕೊಂಡಳು. ಎಡಗೈಯ ಎರಡು ಬೆರಳು ತಾವಾಗಿಯೇ ಗುಂಡಿಗೆ ಹೋದವು. ಕಿರ್ರ್... ಕಿರ್ರ್... ಹುಟ್ಟಿದಾಗಿನಿಂದ ಮೊದಲ ಬಾರಿ, ಬಿಚ್ಚದೆ ಕೀಲಿ ಕೊಟ್ಟಳು.

"ಎಡಕ್ಕೇ ಇರ್ಲಿ," ಎಂದಳು. "ಅಪ್ಪ ಇದ್ದಿದ್ರೆ ಮೊದಲು ಬಯ್ತಿದ್ರು, ಆಮೇಲೆ ಕಟ್ಟಿ ನೋಡ್ತಿದ್ರು. ಆದ್ರೆ ಇನ್ಮೇಲೆ ನನ್ನ ವಿಷಯ ಏನಿದ್ರೂ ನನ್ನನ್ನ ಕೇಳ್ಬೇಕು!"

"ಹಾಗಾದ್ರೆ ಈಗಲೇ ಒಂದು ಕೇಳ್ಲಾ?"

"ಕೇಳಿ."

"ನನ್ನನ್ನ ಮದುವೆ ಆಗ್ತೀರಾ?"

ಅವಳ ಕೆನ್ನೆ ಬಿಸಿಯಾಯಿತು.

"ನನ್ನ ಕೋಪ ಇನ್ನೂ ಇಳಿದಿಲ್ಲ!"

"ಕಾಯ್ತೀನಿ."

ಕಾಲಿನಿಂದ ಕುರ್ಚಿಯೊಂದನ್ನು ಅವನತ್ತ ನೂಕಿ, ತಾನೂ ಎದುರಿಗೊಂದು ಎಳೆದುಕೊಂಡಳು.

"ಕೂತ್ಕೊಂಡು ಕಾಯಿರಿ. ಹೊತ್ತಾಗುತ್ತೆ."