ಓಡಿಸಬೇ...

“ಕಾರು ಮಾರ್ತಾ ಇದೀನಿ” ಎಂದರು ಚನ್ನವೀರಪ್ಪನವರು.

ಗಿರಿಜಾದೇವಿಯ ಅಂಗೈಯಲ್ಲಿದ್ದ ಜೋಳದ ಹಿಟ್ಟಿನ ಉಂಡೆ ಅಲ್ಲೇ ನಿಂತಿತು. ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂದರೂ ಅವಳ ಕೈ ಅತ್ತ ಹೋಗಲಿಲ್ಲ. ದೇವರ ಕೋಣೆಯಲ್ಲಿ ವಿಭೂತಿ ಧರಿಸುತ್ತಿದ್ದ ಅವಳ ಗಂಡನ ಅಕ್ಕ ಜಯದೇವಿ, ಹಣೆಗೆ ಒಂದು ಪಟ್ಟೆ ಎಳೆದುಕೊಂಡವರು ಉಳಿದೆರಡನ್ನು ಮರೆತು ಓಡಿಬಂದರು.

“ಏನಂದೆ? ಇನ್ನೊಂದ್ಸಲ ಅನ್ನು!”

“ಮಾರ್ತೀನಿ ಅಂದೆ. ಜಗನ್ನಾಥ ಅಂತ, ಕಂಟೋನ್ಮೆಂಟ್ ಕಡೆಯವರು. ವಿಲಾಯತಿ ಕಾರುಗಳನ್ನ ಕೂಡಿಡೋ ಹುಚ್ಚು ಅವರಿಗೆ. ಇವತ್ತು ನೋಡೋಕೆ ಬರ್ತಾರೆ. ನಿಮ್ಮಿಬ್ಬರ ಮಧ್ಯೆ ಕೂತು ನಾನು ಒಂದು ತುತ್ತು ನೆಮ್ಮದಿಯಾಗಿ ತಿಂದು ಎಷ್ಟು ಕಾಲ ಆಯ್ತು ಹೇಳಿ? ಕಾರು ಹೋಗ್ಲಿ, ಮನೆ ಉಳೀಲಿ!”

ಉಪ್ಪು ಹೆಚ್ಚೋ ಕಡಿಮೆಯೋ ಎಂಬುದರಲ್ಲೂ ಒಂದು ಮಾತಿಗೆ ಬಾರದ ಆ ಇಬ್ಬರು ಹೆಂಗಸರು ಅಂದು ಮೊದಲ ಬಾರಿಗೆ ಒಟ್ಟಿಗೆ ಬಾಯಿ ತೆರೆದರು. “ಅಯ್ಯೋ!”

ಆ ಕಾರಿನದೊಂದು ಕಥೆ. ಚನ್ನವೀರಪ್ಪನವರ ತಂದೆ ಶಂಭುಲಿಂಗಪ್ಪನವರು ಗದಗಿನ ಕಡೆಯ ಹಳ್ಳಿಯವರು. ಹತ್ತಿ ವ್ಯಾಪಾರದಲ್ಲಿ ಕೈಗೆ ನಾಲ್ಕು ಕಾಸು ಬಂದಾಗ ರಾಜಾಜಿನಗರದಲ್ಲಿ ಮನೆ ಕಟ್ಟಿಸಿದರು. ಅದೇ ಕಾಲದಲ್ಲಿ ತಾಯ್ನಾಡಿಗೆ ಹೊರಟಿದ್ದ ಯಾರೋ ಕಾಫಿ ತೋಟದ ಬಿಳಿ ದೊರೆಯಿಂದ, ಅವನು ತರಿಸಿಯೂ ಓಡಿಸದೆ ಬಿಟ್ಟಿದ್ದ ಈ ಕಾರನ್ನೂ ಕೊಂಡರು. ಮೆಣಸಿನಕಾಯಿ ಕೆಂಪು. ಮೇಲೆ ಮಡಿಸಿಡಬಹುದಾದ ಬಟ್ಟೆಯ ಮುಚ್ಚಳ. ಕೂರುವುದು ಇಬ್ಬರೇ. ಬೀದಿಯ ಜನ ಅದಕ್ಕೆ ‘ರೇಸ್ ಕಾರು’ ಎಂದು ಹೆಸರಿಟ್ಟರು. ಆದರೆ ಅದು ರೇಸಿರಲಿ, ಬೀದಿಯ ತಿರುವನ್ನೂ ಸರಿಯಾಗಿ ಕಂಡಿರಲಿಲ್ಲ. ಹೊಸ ಎತ್ತನ್ನು ನೊಗಕ್ಕೆ ಕಟ್ಟಲು ಮನಸ್ಸಾಗದೆ ಕೊಟ್ಟಿಗೆಯಲ್ಲೇ ಮೈ ತಿಕ್ಕುತ್ತ ಕೂರುವ ರೈತನಂತೆ ಶಂಭುಲಿಂಗಪ್ಪನವರು ಅದನ್ನು ಶೆಡ್ಡಿನಲ್ಲಿಟ್ಟು ಒರೆಸಿದ್ದೇ ಒರೆಸಿದ್ದು. ದೂರಕ್ಕೆ ಅಂತ ಅದನ್ನು ತೆಗೆದದ್ದು ಒಂದೇ ಸಲ; ಗಂಡನನ್ನು ಕಳೆದುಕೊಂಡ ಮಗಳು ಜಯದೇವಿಯನ್ನು ದಾವಣಗೆರೆಯಿಂದ ತವರಿಗೆ ಕರೆತರಲು.

ಮುದುಕರು ಕಣ್ಣು ಮುಚ್ಚುವಾಗ ಮಗ ಡಾಕ್ಟರನ್ನು ಕರೆಯಲು ಹೋಗಿದ್ದ. ಪಕ್ಕದಲ್ಲಿ ಇದ್ದವರು ಮಗಳು ಮತ್ತು ಸೊಸೆ. ಮುದುಕರು ಶೆಡ್ಡಿನ ಕಡೆ ಕೈ ತೋರಿಸಿ, “ಗಾಡಿ... ಓಡಸ... ಬೇ...” ಎಂದರು. ಅಷ್ಟೇ! ಉಸಿರು ನಿಂತಿತು...

ಆ ಅರ್ಧ ಮಾತು ಮನೆಯನ್ನು ಎರಡು ಹೋಳು ಮಾಡಿತು. ‘ಓಡಿಸಬೇಡಿ’ ಅಂತ ಹೇಳೋಕೆ ಹೊರಟಿದ್ದರು ಎಂದರು ಜಯದೇವಿ. ‘ಓಡಿಸಬೇಕು’ ಅಂತ ಎಂದಳು ಗಿರಿಜಾ. ತಿಥಿಗೆ ಬಂದ ಏಕಾಂತಯ್ಯ ಸ್ವಾಮಿಗಳನ್ನೇ ಕೇಳಿದ್ದಾಯಿತು. ಅವರು ಕಣ್ಣು ಮುಚ್ಚಿ, ಹೋಳಿಗೆ ಅರಗುವಷ್ಟು ಹೊತ್ತು ಯೋಚಿಸಿ, “ಬೇಡಕ್ಕೂ ಬೇ, ಬೇಕಿಗೂ ಬೇ. ‘ಬೇಗ’ ಅನ್ನೋದೂ ಇರಬಹುದು ನೋಡ್ರಿ” ಎಂದು ಮೂರನೆಯದೊಂದನ್ನು ಸೇರಿಸಿ ಎದ್ದುಹೋದರು.

ಕೀಲಿಕೈ ಜಯದೇವಿಯವರ ಸೊಂಟ ಸೇರಿತು. ಸೋಮವಾರ ಸೋಮವಾರ ಪೂಜೆ ಮುಗಿದ ಮೇಲೆ ಅದು ಹೊರಬೀಳುವುದು. ಆಗ ಚನ್ನವೀರಪ್ಪನವರು ಎಂಜಿನ್ನು ಚಾಲೂ ಮಾಡಿ, ಸ್ವಲ್ಪ ಹೊತ್ತು ಗುರ್ ಅನಿಸಿ, ಸೈಕಲ್ ಪಂಪಿನಿಂದ ಟೈರಿಗೆ ಗಾಳಿ ಹೊಡೆದು, ಕೈ ತೊಳೆದು, ಕಚೇರಿಗೆ ಬಸ್ಸು ಹಿಡಿಯಲು ಓಡುವುದು.

ಗಿರಿಜಾಳಿಗೆ ಇದ್ದದ್ದು ಒಂದೇ ಆಸೆ. ಗಂಡನ ಪಕ್ಕ ಆ ಎಡಗಡೆಯ ಸೀಟಿನಲ್ಲಿ ಕೂತು ಒಮ್ಮೆ ಗಾಳಿಗೆ ಮುಖ ಒಡ್ಡಬೇಕು. ಒಂದು ಸಲ ಅದು ನಡೆಯಿತು ಕೂಡ. ಅಕ್ಕನನ್ನೂ ಹೆಂಡತಿಯನ್ನೂ ಒಟ್ಟಿಗೆ ಸಮಾಧಾನ ಮಾಡಲು ಚನ್ನವೀರಪ್ಪನವರು ಉಪಾಯ ಹೂಡಿದರು. “ನೋಡಕ್ಕ, ಮುಂದಕ್ಕೆ ಹೋದ್ರೆ ಮೀಟರು ಮುಂದಕ್ಕೆ ತಿರುಗುತ್ತೆ. ಹಿಂದಕ್ಕೆ ತಳ್ಳಿಕೊಂಡು ಬಂದ್ರೆ ಹಿಂದಕ್ಕೆ ತಿರುಗುತ್ತೆ. ಲೆಕ್ಕ ಅಲ್ಲಿಗಲ್ಲಿಗೆ!” ಬೀದಿಯ ತಿರುವಿನವರೆಗೆ ಗಿರಿಜಾ ರಾಣಿಯಂತೆ ಹೋದಳು. ಅಲ್ಲಿಂದ ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾರಿನ ಮೂತಿಗೆ ಭುಜ ಕೊಟ್ಟು, ಏದುಸಿರು ಬಿಡುತ್ತ ಹಿಂದುಹಿಂದಕ್ಕೆ ತಳ್ಳಿದಳು. ಎದುರುಮನೆಯ ವೆಂಕಟಲಕ್ಷ್ಮಮ್ಮ ಗೇಟಿಗೆ ಒರಗಿ, “ಏನ್ರೀ ಗಿರಿಜಮ್ಮ, ಕೊಂಡುಕೊಂಡವರು ವಾಪಸ್ ಮಾಡಿಬಿಟ್ರಾ?” ಎಂದರು. ಆ ರಾತ್ರಿ ಗಿರಿಜಾ ಸುರಿಸಿದ ಕಣ್ಣೀರು...! ಅಂದಿನಿಂದ ಮನೆಯಲ್ಲಿ ಬೇಕು-ಬೇಡದ ಜಗಳ ನಿಂತ ದಿನವಿರಲಿಲ್ಲ.

ಈಗ ಇದು!

“ಅಪ್ಪಾಜಿ ಕಾರನ್ನ ಕಂಡವರಿಗೆ ಮಾರ್ತೀಯೇನೋ?” ಜಯದೇವಿ ಸೊಂಟದ ಕೀಲಿಕೈಯನ್ನು ಅದುಮಿ ಹಿಡಿದರು.

“ಅಕ್ಕ, ಅವರೂ ನಿನ್ನ ಹಾಗೇನೇ. ಓಡಿಸಲ್ಲ. ಗಾಜಿನ ಕೋಣೆ ಕಟ್ಟಿಸಿದ್ದಾರೆ, ಅದರೊಳಗೆ ಇಡ್ತಾರೆ. ಓಡದೇ ಇರೋ ಕಾರೇ ಬೇಕಂತೆ. ಇಷ್ಟು ಕಡಿಮೆ ಓಡಿರೋದು ಈ ರಾಜ್ಯದಲ್ಲೇ ಇನ್ನೊಂದಿಲ್ಲ ಅಂತ ಕುಣಿದುಬಿಟ್ರು. ಎಲ್ಲಾ ನಿನ್ನ ಕಾವಲಿನ ಪುಣ್ಯ!” ಎಂದು ಚನ್ನವೀರಪ್ಪನವರು ಚಪ್ಪಲಿ ಮೆಟ್ಟಿದರು. “ಅವರಿಗೆ ಮನೆ ಗೊತ್ತಿಲ್ಲ. ನವರಂಗ್ ಟಾಕೀಸ್ ಹತ್ತಿರ ನಿಂತಿರ್ತಾರೆ, ಕರ್ಕೊಂಡು ಬರ್ತೀನಿ. ಕಾಫಿಗೆ ಹಾಲಿಡಿ.”

ಬಾಗಿಲು ಹಾಕಿಕೊಂಡಿತು. ಜಯದೇವಿ ಶೆಡ್ಡಿಗೆ ಹೋಗಿ, ಹೊದಿಕೆ ಸರಿಸಿ, ಎಡಗಡೆಯ ಸೀಟನ್ನು ಸವರಿ, ಅಲ್ಲೇ ನೆಲದ ಮೇಲೆ ಕುಸಿದು ಕೂತರು. ಒಲೆಯ ಮೇಲೆ ಹಾಲಿಟ್ಟು ಹಿಂದೆಯೇ ಬಂದ ಗಿರಿಜಾ ಚುಚ್ಚಬೇಕೆಂದೇ ಬಂದಿದ್ದಳು.

“ನೋಡಿದ್ರಾ ಅಕ್ಕ? ಮುಟ್ಟಬೇಡ ಮುಟ್ಟಬೇಡ ಅಂತ ಕಾದಿರಿ. ನೀವು ಕಾದಿದ್ದಕ್ಕೇ ಅದಕ್ಕೆ ಗಿರಾಕಿ ಬಂದ!”

ಜಯದೇವಿ ತಲೆ ಎತ್ತಲಿಲ್ಲ. “ಇದರ ಮೀಟರಲ್ಲಿರೋ ಮೈಲಿ ಯಾವುದು ಗೊತ್ತೇನೇ ಗಿರಿಜಾ? ನನ್ನವೇ. ನಮ್ಮನೆಯವರು ತೀರಿಕೊಂಡಾಗ ಅಲ್ಲಿ ಯಾರೂ ನನಗೆ ನೀರು ಕುಡಿ ಅಂತ ಅನ್ನಲಿಲ್ಲ. ಅಪ್ಪಾಜಿ ಬಂದರು, ಇಲ್ಲಿ ಕೂರಿಸಿಕೊಂಡರು. ದಾರಿಯುದ್ದಕ್ಕೂ ಒಂದು ಮಾತಾಡಲಿಲ್ಲ. ಶಿರಾ ಹತ್ತಿರ ನಿಲ್ಲಿಸಿ ಎಳನೀರು ಕೊಡಿಸಿದರು... ಅದರ ಮೇಲೆ ಇನ್ನೊಬ್ಬರ ಮೈಲಿ ಕೂಡೋದು ಬೇಡ ಅನ್ನಿಸ್ತಿತ್ತು. ಅಷ್ಟೇ ಕಣೇ...”

ಗಿರಿಜಾಳಿಗೆ ಚುಚ್ಚುವ ಮಾತು ಮರೆತುಹೋಯಿತು. ಇಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತೂ ಇದನ್ನು ಕೇಳಿರಲಿಲ್ಲ. ಕೇಳಲು ಬಾಯೇ ಬಂದಿರಲಿಲ್ಲ. ಅವಳೂ ಪಕ್ಕದಲ್ಲಿ ಕೂತು ಅಳತೊಡಗಿದಳು. ಅಳುತ್ತ ಅಳುತ್ತ ಇದ್ದಕ್ಕಿದ್ದಂತೆ ಜಯದೇವಿ ಮೂಗು ಒರೆಸಿಕೊಂಡರು.

“ಓಡದೇ ಇರೋ ಕಾರೇ ಬೇಕಂತೆ ಅಲ್ವಾ ಅವನಿಗೆ?”

“ಹೂಂ.”

“ಓಡಿದ್ರೆ?”

ಗಿರಿಜಾ ಕಣ್ಣರಳಿಸಿದಳು. ಜಯದೇವಿ ಸೊಂಟದಿಂದ ಕೀಲಿಕೈ ಕಿತ್ತು ಅವಳ ಮಡಿಲಿಗೆ ಎಸೆದರು. “ನಿಮ್ಮಪ್ಪನ ಟ್ರ್ಯಾಕ್ಟರ್ ಓಡಿಸ್ತಿದ್ದೆ ಅಂತ ಮದುವೆಯಾದಾಗಿಂದ ಕೊಚ್ಕೊತೀಯಲ್ಲಾ! ಏನ್ ನೋಡ್ತೀ? ಏಳ ಬೇ!”

ಏಳಲು ಹೊರಟ ಇಬ್ಬರೂ ಅರ್ಧಕ್ಕೇ ನಿಂತುಬಿಟ್ಟರು.

‘ಬೇ.’ ಅವರ ಊರಿನ ಕಡೆ ತಾಯಿಗೂ ಬೇ, ಮಗಳಿಗೂ ಬೇ. ‘ಬಾ ಬೇ, ಉಣ್ಣ ಬೇ’ ಎಂದು ಕರೆಯುವುದೇ ಅಕ್ಕರೆ. ಬೆಂಗಳೂರಿಗೆ ಬಂದ ಹೊಸದರಲ್ಲಿ ವೆಂಕಟಲಕ್ಷ್ಮಮ್ಮ, “ಇವರ ಮನೇಲಿ ಹೆಂಗಸರನ್ನ ಬೇ ಅಂತ ಬೈತಾರೆ” ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದ ಮೇಲೆ ಜಯದೇವಿಯವರೇ ಆ ಮಾತನ್ನು ಮನೆಯಿಂದ ಓಡಿಸಿದ್ದರು. ಶಂಭುಲಿಂಗಪ್ಪನವರು ಮಾತ್ರ ಕೊನೆಯವರೆಗೂ ಬಿಟ್ಟಿರಲಿಲ್ಲ.

“ಅಕ್ಕಾ... ಅಪ್ಪಾಜಿ ಅರ್ಧ ಮಾತಾಡಲೇ ಇಲ್ಲ. ಪೂರ್ತಿ ಆಡಿದ್ರು. ಗಾಡಿ ಓಡಸ ಬೇ! ಓಡಿಸಮ್ಮಾ ಅಂತ!”

“ಅಯ್ಯೋ ನನ್ನಪ್ಪಾ...!” ಜಯದೇವಿ ಬಾಯಿಗೆ ಸೆರಗು ಒತ್ತಿಕೊಂಡರು. ಮರುಕ್ಷಣವೇ ಸೆರಗು ತೆಗೆದು, “ನನಗೆ ಹೇಳಿದ್ದು ಅದು” ಎಂದರು.

“ನಿಮಗೆ ಹ್ಯಾಗೆ? ನಿಮಗೆ ಸೈಕಲ್ಲೂ ಬರಲ್ಲ!”

“ಮಗಳು ಎದುರಿಗಿರುವಾಗ ಸೊಸೆಗೆ ಯಾರು ಹೇಳ್ತಾರೇ?”

“ಟ್ರ್ಯಾಕ್ಟರು ಓಡಿಸಿದವಳಿಗೆ ಹೇಳ್ತಾರೆ!”

ಹೊಸ ಜಗಳ ಹುಟ್ಟಿ ಹಬ್ಬುವಷ್ಟರಲ್ಲಿ ಹಾಲು ಉಕ್ಕಿದ ಸದ್ದು ಕೇಳಿತು. ಗಿರಿಜಾ ಓಡಿ ಒಲೆ ಆರಿಸಿ ಬಂದಳು. ಅವಳು ಬರುವಷ್ಟರಲ್ಲಿ ಜಯದೇವಿ ಎಡಗಡೆಯ ಸೀಟಿನಲ್ಲಿ ಮಠದ ಗದ್ದುಗೆಯ ಮೇಲೆ ಕೂತಂತೆ ನೆಟ್ಟಗೆ ಕೂತಿದ್ದರು.

ಕಾರು ಮೊದಲು ಕೆಮ್ಮಿತು, ಆಮೇಲೆ ನೆಗೆಯಿತು, ತುಳಸಿಕಟ್ಟೆಯನ್ನು ಕೂದಲೆಳೆಯಲ್ಲಿ ತಪ್ಪಿಸಿ ಬೀದಿಗೆ ಬಿತ್ತು. ವೆಂಕಟಲಕ್ಷ್ಮಮ್ಮ ಕೈಯಲ್ಲಿದ್ದ ಪೊರಕೆಯನ್ನು ಎದೆಗವಚಿಕೊಂಡರು. ಮಾಗಡಿ ರಸ್ತೆ ಹಿಡಿಯುವವರೆಗೆ ಜಯದೇವಿ ಕಣ್ಣು ಮುಚ್ಚಿ ಶಿವಸ್ಮರಣೆ ಮಾಡಿದರು. ಆಮೇಲೆ ಒಂದು ಕಣ್ಣು ಬಿಟ್ಟರು. ಉಲ್ಲಾಳದ ದಾರಿಯಲ್ಲಿ, ಎರಡೂ ಕಡೆ ರಾಗಿ ಹೊಲ ತೆನೆಗಟ್ಟಿ ತೊನೆಯುವಾಗ, ಎರಡನೆಯದನ್ನೂ ಬಿಟ್ಟು, “ಇಷ್ಟೇನಾ ಇದು ಓಡೋದು?” ಎಂದರು. ಗಿರಿಜಾ ಪಾದ ಒತ್ತಿದಳು. ಇಬ್ಬರ ಸೆರಗೂ ಬಾವುಟದಂತೆ ಹಾರಿದವು. ಕೆಸರಿನ ಹೊಂಡ ಬಂತು, ಎಮ್ಮೆಗಳ ಹಿಂಡು ಬಂತು, ಒಂದು ಎಮ್ಮೆ ನಿಧಾನವಾಗಿ ತಿರುಗಿ ಕಾರಿನ ಮೂತಿಯನ್ನು ನೆಕ್ಕಿತು. ಹೊಲದಂಚಿನಲ್ಲಿ ಅವರೆಕಾಯಿ ಮಾರುತ್ತಿದ್ದವಳ ಹತ್ತಿರ ಜಯದೇವಿ ಚೌಕಾಸಿ ಮಾಡಿ, ಒಂದು ದೊಡ್ಡ ಗಂಟನ್ನೇ ಕೊಂಡು ಸೀಟಿನ ಹಿಂದೆ ತುರುಕಿದರು.

ಮನೆಗೆ ಬಂದಾಗ ಗೇಟಿನಲ್ಲಿ ಚನ್ನವೀರಪ್ಪನವರೂ ಜಗನ್ನಾಥರೂ ಬರಿದಾದ ಶೆಡ್ಡನ್ನು ನೋಡುತ್ತ ನಿಂತಿದ್ದರು. ಬಿಳಿ ಪ್ಯಾಂಟಿನ ಜಗನ್ನಾಥರು ಕಾರನ್ನು ಸುತ್ತು ಹಾಕಿದರು. ಕೆಸರು ನೋಡಿದರು, ಅವರೆಕಾಯಿ ನೋಡಿದರು, ಬಗ್ಗಿ ಮೀಟರು ನೋಡಿದರು. ಸತ್ತವರ ಮನೆಗೆ ಬಂದವರಂತೆ ದನಿ ತಗ್ಗಿಸಿ, “ಏನ್ ಸಾರ್, ಹೀಗೆ ಮಾಡ್ಬಿಟ್ರಿ? ಇದು ಈಗ ಬರೀ ಕಾರು ಸಾರ್...” ಎಂದರು. ಕಾಫಿಯನ್ನೂ ಕುಡಿಯದೆ ಹೊರಟುಹೋದರು.

ಚನ್ನವೀರಪ್ಪನವರು ಅಕ್ಕನ ಕಡೆ ನೋಡಿದರು. ಅವರ ಕೂದಲು ಕೆದರಿತ್ತು, ಹಣೆಯ ಒಂಟಿ ಪಟ್ಟೆ ಬೆವರಿಗೆ ಅಳಿಸಿತ್ತು. ಅಕ್ಕ ಹೀಗೆ ಬಾಯ್ತುಂಬ ನಗುವುದನ್ನು ಅವರು ಚಿಕ್ಕಂದಿನ ನಂತರ ಕಂಡಿರಲಿಲ್ಲ. ಬೈಯಲು ತೆರೆದ ಬಾಯಿ ಹಾಗೇ ಉಳಿಯಿತು.

“ಬಾಯಿ ಮುಚ್ಚೋ, ನೊಣ ಹೋಗುತ್ತೆ” ಎಂದು ಜಯದೇವಿ ಮೆಲ್ಲಗೆ ಇಳಿದರು. ಸೀಟಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದರು. ಒಂದು ಗಳಿಗೆ ಕೈ ಅಲ್ಲೇ ನಿಂತಿತು. “ಗಿರಿಜಾ, ಈ ಕಡೆ ಬಾ. ನೀನು ಇಲ್ಲಿ ಕೂರು. ಅವನು ಓಡಿಸ್ಲಿ. ನಾನು ಅವರೆಕಾಯಿ ಬಿಡಿಸ್ತಾ ಇರ್ತೀನಿ.”

“ಅಕ್ಕಾ, ಅದು ನಿಮ್ಮ ಜಾಗ...”

“ಕೂರ್ತೀಯೋ ಇಲ್ವೋ? ಮತ್ತೆ ಮನಸ್ಸು ಬದಲಾಯಿಸ್ತೀನಿ ನೋಡು!”

ಗಿರಿಜಾ ಕೂತಳು. ಚನ್ನವೀರಪ್ಪನವರು ಕನ್ನಡಕ ಸರಿಮಾಡಿಕೊಂಡು, ಹಾರ್ನ್ ಹೊಡೆದು, ಅಡ್ಡ ಯಾರೂ ಇಲ್ಲದಿದ್ದರೂ ಇನ್ನೊಮ್ಮೆ ಹೊಡೆದು, ಕಾರನ್ನು ಕದಲಿಸಿದರು. ಬೀದಿ ದಾಟಿತು, ಬಸವೇಶ್ವರನಗರದ ಕಡೆ ಅರ್ಧ ಕಟ್ಟಿದ ಮನೆಗಳು ಬಂದವು. ಕಾರು ಒಂದನೇ ಗೇರಿನಲ್ಲೇ ಏರು ಹತ್ತುವ ಎತ್ತಿನ ಹಾಗೆ ಬುಸುಗುಟ್ಟುತ್ತಿತ್ತು. ಸೊಪ್ಪು ಮಾರುವವನ ಸೈಕಲ್ಲು ಗಂಟೆ ಬಾರಿಸಿ ಮುಂದೆ ಹೋಯಿತು.

“ಯಾಕೆ ಅಳ್ತಿದೀಯಾ?” ಚನ್ನವೀರಪ್ಪನವರು ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದರು. “ತುಂಬಾ ಜೋರಾಯ್ತಾ?”

“ಇಲ್ಲರೀ, ಧೂಳು” ಎಂದಳು ಗಿರಿಜಾ.

ಎರಡನೇ ಗೇರಿಗೆ ಹಾಕಿ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡಳು. ಹಾಕಿಬಿಟ್ಟರೆ ದಾರಿ ಬೇಗ ಮುಗಿದುಹೋಗುತ್ತದಲ್ಲಾ...!